ಪಿಯಾನೊದ ಮುಂದೆ ಮಾತ್ರ ಮಡಚಿಕೊಳ್ಳುವ ಬೆರಳುಗಳು

ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಆಕೆಯ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ನಲವತ್ತರ ಆಸುಪಾಸಿನ ಆಕೆ ಯುರೋಪಿನಲ್ಲಿ ಪಿಯಾನೊ ಕಲಿತು, ಹಲವು ವರ್ಷ ಅಲ್ಲಿಯೇ ಕಛೇರಿಗಳನ್ನು ನೀಡಿ, ಬೆಂಗಳೂರಿಗೆ ಮರಳಿದವರು. ವರ್ಷಕ್ಕೆ ನಾಲ್ಕೈದು ಕಛೇರಿ. ಉಳಿದ ದಿನಗಳಲ್ಲಿ ಟ್ರಿನಿಟಿ, ಎಬಿಆರ್‌ಎಸ್‌ಎಂ ಎಂಬ ಬ್ರಿಟಿಷ್ ಸಂಸ್ಥೆಗಳು ನಡೆಸುವ ಸಂಗೀತದ ಗ್ರೇಡ್ ಪರೀಕ್ಷೆಗಳಿಗೆ ಕೂರುವ ಮಕ್ಕಳಿಗೆ ಪಾಠ. ನಿದ್ರೆ ಬರುವುದಿಲ್ಲವೆಂದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದರು. ನಿಜವಾದ ವಿಷಯ ಬಾಯಿಗೆ ಬಂದದ್ದು ಎರಡನೆಯ ಭೇಟಿಯಲ್ಲಿ.

ಪಿಯಾನೊ ಸಂಯೋಜಕ ಶೋಪಾನ್‌ನ ಹತ್ತನೆಯ ಓಪಸ್‌ನ (ಕೃತಿಗುಚ್ಛದ) ಎರಡನೆಯ ಎಟ್ಯೂಡ್, ಅಂದರೆ ಅಭ್ಯಾಸಕೃತಿ, ಬಲಗೈಯ ಕೊನೆಯ ಮೂರು ಬೆರಳುಗಳಿಗೇ ಕೆಲಸ ಕೊಡುವ ಕೃತಿ. ಅದನ್ನು ನುಡಿಸುವಾಗ ಉಂಗುರದ ಬೆರಳೂ ಕಿರುಬೆರಳೂ ತಾವಾಗಿಯೇ ಅಂಗೈಯತ್ತ ಮಡಚಿಕೊಳ್ಳತೊಡಗಿದ್ದವು. ನೋವು ಒಂದಿಷ್ಟೂ ಇಲ್ಲ. ಅದೇ ಬೆರಳುಗಳಿಂದ ಸಾರನ್ನ ಕಲಸುತ್ತಾರೆ, ಮೊಬೈಲಿನಲ್ಲಿ ಸಂದೇಶ ಬರೆಯುತ್ತಾರೆ. ಹೀಗಾಗಿ ಮನೆಯವರಿಗೆ ಇದು ಕಾಯಿಲೆಯಾಗಿ ಕಾಣಲಿಲ್ಲ. ಕರ್ನಾಟಕ ಸಂಗೀತದ ವಾತಾವರಣದಲ್ಲಿ ಬೆಳೆದ ತಾಯಿ, "ಸಾಧನೆ ಕಮ್ಮಿ ಆಗಿದೆ, ಕೂತು ನುಡಿಸು" ಎಂದಿದ್ದರು. ಮಗಳು ಅದನ್ನು ನಂಬಿ ಮೂರು ಗಂಟೆಯ ಅಭ್ಯಾಸವನ್ನು ಆರಕ್ಕೆ ಏರಿಸಿದ್ದರು. ಬೆರಳುಗಳು ಇನ್ನಷ್ಟು ಬಿಗಿದವು.

ರೋಗನಿರ್ಣಯ ನನ್ನ ಕೆಲಸವಲ್ಲ. ಆದರೂ ವಾದಕರಲ್ಲಿ ಕಾಣುವ ಫೋಕಲ್ ಡಿಸ್ಟೋನಿಯಾ ಎಂಬ ನರಸಂಬಂಧಿ ತೊಂದರೆಯ ಲಕ್ಷಣಗಳು ಇದಕ್ಕೆ ಬಹಳ ಹತ್ತಿರವಿದ್ದವು: ಒಂದೇ ಬಗೆಯ ಸೂಕ್ಷ್ಮ ಚಲನೆಯನ್ನು ವರ್ಷಾನುಗಟ್ಟಲೆ ಮಾಡಿದ ಕೈಯ ಬೆರಳುಗಳ ಮೇಲೆ ಮಿದುಳಿನ ಹಿಡಿತ ಆ ಒಂದು ಕೆಲಸದ ಮಟ್ಟಿಗೆ ಮಾತ್ರ ತಪ್ಪುತ್ತದೆ. ಬರೆಯುವಾಗ ಮಾತ್ರ ಕೈ ಬಿಗಿಯುವ ಗುಮಾಸ್ತರ ಬರಹಸೆಳೆತವೂ ಇದರ ಬಳಗವೇ. ಆದ್ದರಿಂದ ನನ್ನ ಮೊದಲ ಸಲಹೆ ಮನಸ್ಸಿಗೆ ಸಂಬಂಧಿಸಿದ್ದಾಗಿರಲಿಲ್ಲ: ಚಲನದೋಷಗಳನ್ನು ನೋಡುವ ನರರೋಗ ತಜ್ಞರನ್ನು ಕಾಣಬೇಕು, ಆಸ್ಪತ್ರೆಯಲ್ಲಿ ಪಿಯಾನೊ ಇರುವುದಿಲ್ಲವಾದ್ದರಿಂದ ನುಡಿಸುವಾಗಿನ ವಿಡಿಯೊ ಒಯ್ಯಬೇಕು, ಅಲ್ಲಿಯವರೆಗೆ ಆರು ಗಂಟೆಯ ಹಟ ನಿಲ್ಲಬೇಕು. ತಜ್ಞರು ಅದೇ ಹೆಸರನ್ನು ಹೇಳಿದರು. ಸ್ನಾಯುವಿನ ಬಿಗಿತವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು ಮತ್ತು ಬೆರಳುಗಳ ಮರುತರಬೇತಿಯ ಬಗ್ಗೆ ತಿಳಿಸಿದರು, ಪೂರ್ತಿ ಗುಣವಾಗುವ ಭರವಸೆ ಕೊಡಲಿಲ್ಲ.

ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಶರ್ ಅವರ ಹೆಸರನ್ನು ನಾನೇ ಎತ್ತಿ ಎಡವಿದೆ. 1960ರ ದಶಕದ ಮಧ್ಯದಲ್ಲಿ ಅವರ ಬಲಗೈಯ ಇದೇ ಎರಡು ಬೆರಳುಗಳು ಕೈಕೊಟ್ಟವು. ಎಡಗೈಯ ಕೃತಿಗಳನ್ನು ನುಡಿಸುತ್ತ, ಬಾಲ್ಟಿಮೋರ್‌ನ ಪೀಬಡಿ ಸಂಗೀತ ಶಾಲೆಯಲ್ಲಿ ಕಲಿಸುತ್ತ ಮೂರು ದಶಕ ಕಳೆದು, 1990ರ ದಶಕದಲ್ಲಿ ಎರಡೂ ಕೈಗಳಿಗೆ ಮರಳಿದರು. "ಆ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಡುವಿನ ಮೂವತ್ತು ವರ್ಷವನ್ನು ಯಾರೂ ಎಣಿಸುವುದಿಲ್ಲ" ಎಂದರು ಆಕೆ. ಅವರ ಮಾತು ಸರಿ. ಸಾಂತ್ವನದ ಆತುರ ನನ್ನದಾಗಿತ್ತು. ಆ ದಿನ ಉಳಿದ ಸಮಯವನ್ನು ಅವರ ಅಳುವಿಗೇ ಬಿಟ್ಟುಕೊಟ್ಟೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೂ ಕೇಳಿದೆ. ಇಲ್ಲವೆಂದರು.

ಆಕೆಯನ್ನು ಹೆಚ್ಚು ಹಿಂಡುತ್ತಿದ್ದುದು ಪಾಠದ ಕೋಣೆ. ಕಛೇರಿ ನಿಂತರೆ ಉಳಿಯುವುದು "ಬರೀ ಟೀಚರ್" ಎಂಬ ಪಟ್ಟ ಎಂದು ಅವರು ಭಾವಿಸಿದ್ದರು. ತೋರಿಸಿಕೊಡುವಾಗ ಬೆರಳು ತಪ್ಪಿದರೆ ಕೆಮ್ಮುವ ನೆಪದಲ್ಲಿ ನಿಲ್ಲಿಸುತ್ತಿದ್ದರು. ಕಛೇರಿಯನ್ನು ಬಿಡುವುದೋ ಬೇಡವೋ ಎಂಬ ತೀರ್ಮಾನವನ್ನು ಚಿಕಿತ್ಸೆಯ ಫಲ ತಿಳಿಯುವವರೆಗೆ ಮುಂದೂಡಿ, ಈ ಮುಚ್ಚುಮರೆಯನ್ನು ಮಾತ್ರ ಈಗಲೇ ಕೈಬಿಡುವಂತೆ ಸಲಹೆ ನೀಡಿದೆ. ನಾಲ್ಕು ತಿಂಗಳ ನಂತರದ ಕಛೇರಿಯ ಸಂಘಟಕರಿಗೆ ತಿಳಿಸುವುದು, ದೊಡ್ಡ ವಿದ್ಯಾರ್ಥಿಗಳಿಗೆ ಇದ್ದದ್ದನ್ನು ಹೇಳುವುದು, ಬಲಗೈಯ ಪಾಠವನ್ನು ಕೆಲಕಾಲ ಹಾಡಿ, ಮಾತಿನಲ್ಲಿ ವಿವರಿಸಿ ಮಾಡುವುದು. ರಷ್ಯಾದ ಸಂಯೋಜಕ ಸ್ಕ್ರಿಯಾಬಿನ್ 1894ರಲ್ಲಿ ಎಡಗೈಗೆಂದೇ ಬರೆದ ಪ್ರಿಲ್ಯೂಡ್ ಮತ್ತು ನಾಕ್ಟರ್ನ್ ಎಂಬ ಕಿರುಕೃತಿಗಳನ್ನು ಅವರೇ ಹೆಸರಿಸಿದರು, ಅವರೇ ತಳ್ಳಿಹಾಕಿದರು. ನಾನು ಒತ್ತಾಯಿಸಲಿಲ್ಲ.

ಆರನೆಯ ಭೇಟಿಗೆ ಬಂದಾಗ ನಿದ್ರೆ ಐದು ಗಂಟೆಗೆ ಏರಿತ್ತು. ಹದಿನೈದರ ವಿದ್ಯಾರ್ಥಿನಿಯೊಬ್ಬಳು ವಿಷಯ ಕೇಳಿ, "ಹಾಗಾದರೆ ಬಲಗೈ ನಾನು ನುಡಿಸುತ್ತೇನೆ, ಎಡಗೈ ನೀವು" ಎಂದು ಪಕ್ಕಕ್ಕೆ ಬಂದು ಕುಳಿತಳಂತೆ. ಸಂಘಟಕರಿಗೆ ಪತ್ರ ಹೋಗಿದೆ. ತಾಯಿಗೆ ಇನ್ನೂ ತಿಳಿಸಿಲ್ಲ. ಮುಂದಿನ ಭೇಟಿಯನ್ನು ಅದಕ್ಕೆ ಇಟ್ಟುಕೊಂಡಿದ್ದೇವೆ.