ಲ್ಯಾಬ್ ಸರ್ಟಿಫಿಕೇಟ್ ಇದೆ ಅಂದ್ರೆ ಆಯ್ತಾ?

ಪ್ರಶ್ನೆ: ನೈಜರ್ ದೇಶದಲ್ಲಿ ಕೆಲಸದಲ್ಲಿರುವ ನಮ್ಮ ಭಾವ ಅಲ್ಲಿನ ಪುರಾತನ ಬುರಾ ಸಂಸ್ಕೃತಿಯ ಮಣ್ಣಿನ ಕುದುರೆ ಸವಾರನನ್ನು ಕೊಳ್ಳಬೇಕೆಂದಿದ್ದಾರೆ. ಸಾವಿರ ವರ್ಷ ಹಳೆಯದು ಅಂತ ಲ್ಯಾಬ್ ಸರ್ಟಿಫಿಕೇಟ್ ಇದೆ. ಫೋಟೋ ಕಳಿಸಿದ್ದೇನೆ. ಅಸಲಿಯಾ?

ಮತ್ತದೇ ಸರ್ಟಿಫಿಕೇಟ್! ಫೋಟೋ ನೋಡಿ ಅಸಲಿ-ನಕಲಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದಿಲ್ಲ.

ಆ ಪರೀಕ್ಷೆಯ ಹೆಸರು ಥರ್ಮೋಲುಮಿನೆಸೆನ್ಸ್. ಮಣ್ಣಿನೊಳಗಿನ ಕ್ವಾರ್ಟ್ಜ್ ಹರಳುಗಳು ಸುತ್ತಲಿನ ವಿಕಿರಣದ ಶಕ್ತಿಯನ್ನು ವರ್ಷಗಟ್ಟಲೆ ಕೂಡಿಡುತ್ತವೆ. ಬೆಂಕಿಯಲ್ಲಿ ಸುಟ್ಟಾಗ ಆ ಲೆಕ್ಕ ಸೊನ್ನೆಗೆ ಬರುತ್ತದೆ. ಲ್ಯಾಬಿನಲ್ಲಿ ಮತ್ತೆ ಕಾಯಿಸಿದರೆ ಅಲ್ಲಿಂದೀಚೆಗೆ ಕೂಡಿಟ್ಟದ್ದು ಬೆಳಕಾಗಿ ಹೊರಬರುತ್ತದೆ. ಅದನ್ನು ಅಳೆದು, ಕೊನೆಯ ಸಲ ಸುಟ್ಟದ್ದು ಯಾವಾಗ ಅಂತ ಹೇಳುತ್ತಾರೆ. ಒಳ್ಳೆಯ ಪರೀಕ್ಷೆಯೇ. ಆದರೆ ಗೊತ್ತಾಗುವುದು ಕೊರೆದು ತೆಗೆದ ಚಿಟಿಕೆ ಪುಡಿಯ ವಯಸ್ಸು ಮಾತ್ರ. ಹಳೆ ಮಡಕೆಯ ಬುಡಕ್ಕೆ ಹೊಸ ಸವಾರನನ್ನು ಅಂಟಿಸಿ, ಕೂಡಿದ ಜಾಗಕ್ಕೆ ಮಣ್ಣು ಮೆತ್ತಿದರೆ? ಬುಡದಲ್ಲಿ ಕೊರೆದರೆ ಸಾವಿರ ವರ್ಷ, ತಲೆಯಲ್ಲಿ ಕೊರೆದರೆ ಹೋದ ವರ್ಷ. ಪುಡಿ ತೆಗೆದುಕೊಟ್ಟವರು ಯಾರು? ವ್ಯಾಪಾರಿಯೇ, ಅಲ್ವಾ?

ಅಸಲಿಯೇ ಆಗಿದ್ದರೆ ಇನ್ನೂ ಕೆಟ್ಟದ್ದು. ಬುರಾ ಜಾಗ ಬೆಳಕಿಗೆ ಬಂದದ್ದು 1975ರಲ್ಲಿ. 1983ರಲ್ಲಿ ನೈಜರ್‌ನ ಪುರಾತತ್ವಜ್ಞ ಬೂಬೆ ಗಾದೊ ಅಲ್ಲಿ ಅಗೆದರು. ಸಾಲು ಸಾಲಾಗಿ ಮಣ್ಣಿನ ಹಂಡೆಗಳು, ಬಾಯಿ ನೆಲಕ್ಕೆ ಮಾಡಿ ಬೋರಲಾಗಿ ನಿಂತಿದ್ದವು. ಒಳಗೆ ಕಬ್ಬಿಣದ ಬಾಣದ ಮೊನೆಗಳು, ಮನುಷ್ಯರ ಹಲ್ಲುಗಳು. ಕೆಲವು ಹಂಡೆಗಳ ನೆತ್ತಿಯ ಮೇಲೆ ಕುದುರೆ, ಅದರ ಮೇಲೆ ಬಳೆ-ಸರ ತೊಟ್ಟ ಸವಾರ. ಅಂದರೆ ಅವನು ಶೋಕೇಸಿನ ಬೊಂಬೆಯಲ್ಲ, ಒಬ್ಬರ ಸಮಾಧಿಯ ತುದಿ. ನಿಮ್ಮ ಫೋಟೋದಲ್ಲಿ ಅವನು ಪಾಲಿಶ್ ಮಾಡಿದ ಮರದ ಸ್ಟ್ಯಾಂಡಿನ ಮೇಲಿದ್ದಾನೆ. ಕುದುರೆಯ ಕಾಲ ಕೆಳಗೆ ಒಡೆದ ಅಂಚು ಕಾಣುತ್ತಿದೆ. ಕೆಳಗಿನ ಹಂಡೆ ಎಲ್ಲಿ? ಅದರೊಳಗಿನ ಹಲ್ಲುಗಳನ್ನು ಎಲ್ಲಿ ಸುರಿದರು?

1990ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಇವುಗಳ ಪ್ರದರ್ಶನ ನಡೆಯಿತು. ಜನ ಬೆರಗಾದರು, ಹಿಂದೆಯೇ ಕಳ್ಳರು ಗುದ್ದಲಿ ಹಿಡಿದರು. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿಯ ಆಫ್ರಿಕಾ ಕೆಂಪು ಪಟ್ಟಿಯಲ್ಲಿ, ಅಂದರೆ ಕಳ್ಳಸಾಗಣೆಯ ಅಪಾಯದಲ್ಲಿರುವ ವಸ್ತುಗಳ ಪಟ್ಟಿಯಲ್ಲಿ, ಬುರಾ ಹೆಸರಿದೆ. 'ಹಳೇ ಫ್ರೆಂಚ್ ಕುಟುಂಬದ ಸಂಗ್ರಹ' ಅನ್ನುವ ವ್ಯಾಪಾರಿಗಳ ಕಥೆಯನ್ನು ದಯವಿಟ್ಟು ನನಗೆ ಹೇಳಬೇಡಿ. 1975ಕ್ಕಿಂತ ಮುಂಚೆ ಬುರಾ ಹೆಸರನ್ನೇ ಕೇಳದ ಕುಟುಂಬ ಅದನ್ನು ಎಲ್ಲಿಂದ ಸಂಗ್ರಹಿಸಿತು? ಪ್ಯಾರಿಸ್ಸಿನ ಕೇ ಬ್ರಾನ್ಲಿಯಂಥ ಮ್ಯೂಸಿಯಂಗಾಗಿ ಕೊಂಡ ನೈಜೀರಿಯಾದ ಮಣ್ಣಿನ ಶಿಲ್ಪಗಳ ವಿಷಯದಲ್ಲೇ ಫ್ರಾನ್ಸ್ 2002ರಲ್ಲಿ 'ಮಾಲೀಕರು ನೈಜೀರಿಯಾದವರು' ಎಂದು ಒಪ್ಪಿ, ಎರವಲು ಅಂತ ಇಟ್ಟುಕೊಳ್ಳಬೇಕಾಯಿತು. ಇನ್ನು ನಿಮ್ಮ ಭಾವ ಏರ್‌ಪೋರ್ಟಿನಲ್ಲಿ ಏನು ಹೇಳುತ್ತಾರೆ? ನೈಜರ್ ಸರ್ಕಾರದ ರಫ್ತು ಪರವಾನಗಿ ತೋರಿಸಿ ಅಂತ ವ್ಯಾಪಾರಿಯನ್ನು ಕೇಳಲಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ: ನೈಜೀರಿಯಾದ ಪುರಾತನ ನೋಕ್ ಮಣ್ಣಿನ ಶಿಲ್ಪ ಮಾಡಲು ಈಜಿಪ್ಟಿನವರು ಕಲಿಸಿದರಂತೆ?

ಇಲ್ಲ. ಯೂಟ್ಯೂಬ್ ಕಡಿಮೆ ನೋಡಿ.

ಪ್ರಶ್ನೆ: ಸಮಾಧಿಯ ಬೊಂಬೆಯನ್ನು ಮನೆಯ ಯಾವ ದಿಕ್ಕಿನಲ್ಲಿಡಬೇಕು?

ಬಾಗಿಲಿನಿಂದ ಹೊರಗೆ.

ಪ್ರಶ್ನೆ: ಆಫ್ರಿಕಾದಿಂದ ತಂದ ಹೊಸ ಮಣ್ಣಿನ ಬೊಂಬೆಯ ಮೇಲೆ ಬಿಳಿ ಪುಡಿ ಬಂದಿದೆ. ಹುಣಸೆಹಣ್ಣಿನಲ್ಲಿ ತಿಕ್ಕಬಹುದಾ?

ಹುಣಸೆಹಣ್ಣು ತಾಮ್ರದ ಚೊಂಬಿಗೆ. ಆ ಬಿಳಿ ಪುಡಿ ಸಾಮಾನ್ಯವಾಗಿ ಉಪ್ಪು. ಸುಟ್ಟ ಮಣ್ಣು ನೀರು ಕುಡಿಯುತ್ತದೆ, ಒಣಗುವಾಗ ಉಪ್ಪು ಮತ್ತೆ ಮೇಲೆ ಬಂದು ಪದರವನ್ನೇ ಎಬ್ಬಿಸುತ್ತದೆ. ಮೆತ್ತನೆಯ ಒಣ ಬ್ರಷ್ ಆಡಿಸಿ, ಒದ್ದೆ ಗೋಡೆಯಿಂದ ದೂರ ಇಡಿ.