ಪಂಚಾಯ್ತಿ ನಡೆಸೋದು ಗಂಡಂದಿರೇ ಆದರೆ ವಿಧಾನಸಭೆಗೂ ಮಹಿಳಾ ಮೀಸಲಾತಿ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಕರ್ನಾಟಕದ ಗ್ರಾಮ ಪಂಚಾಯ್ತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಕೊಟ್ಟಾಯಿತು, ಆದರೂ ಆಡಳಿತ ಗಂಡಂದಿರದ್ದೇ, ಹೀಗಿರುವಾಗ ವಿಧಾನಸಭೆಗೂ ಮೀಸಲಾತಿ ತಂದು ಏನು ಪ್ರಯೋಜನ? ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದವಳು. ಅಧ್ಯಕ್ಷೆ ಆಗಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ.

ಗಂಡಂದಿರ ವಿಷಯ ಸುಳ್ಳಲ್ಲ. ನಮ್ಮಲ್ಲಿ ಮೊದಲ ಮೂವತ್ತು ತಿಂಗಳು ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಆಯ್ಕೆಗೆ ಮುಂಚೆ ಒಂದು ಬಣದವರನ್ನೆಲ್ಲ ‘ಪ್ರವಾಸ’ಕ್ಕೆ ಕರೆದುಕೊಂಡು ಹೋದರು. ಹೆಂಗಸರ ಜೊತೆ ಗಂಡಂದಿರೂ ಹೊರಟರು, ಯಾರ ಓಟು ಯಾರಿಗೆ ಅನ್ನೋದು ಬಸ್ಸಿನಲ್ಲೇ ತೀರ್ಮಾನ ಆಯಿತು. (ದೇವಸ್ಥಾನವಂತೂ ನೋಡಿದರಂತೆ, ಅಷ್ಟರಮಟ್ಟಿಗೆ ಪ್ರವಾಸ ಸತ್ಯ.) ಪಂಚಾಯ್ತಿ ದುಡ್ಡು ಬಿಡುಗಡೆ ಆಗಬೇಕಾದರೆ ಅಧ್ಯಕ್ಷರು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಇಬ್ಬರ ಡಿಜಿಟಲ್ ಸಹಿಯೂ ಬೇಕು. ಆ ಸಹಿ ಹಾಕೋಕೆ ಕಂಪ್ಯೂಟರ್‌ಗೆ ಚುಚ್ಚುವ ಅಧ್ಯಕ್ಷೆಯ ಡಾಂಗಲ್ ಇರುತ್ತಿದ್ದದ್ದು ಅವರ ಯಜಮಾನರ ಅಂಗಿ ಜೇಬಿನಲ್ಲಿ. ಸಾಮಾನ್ಯ ಸಭೆಗೂ ಅವರೇ ಬಂದು ಕೂರುತ್ತಿದ್ದರು, ನಡಾವಳಿ ಪುಸ್ತಕಕ್ಕೆ ಮನೆಯಲ್ಲಿ ಸಹಿ ಆಗುತ್ತಿತ್ತು.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಒಂದು ಬೋರಿನ ಮೋಟಾರು ಸುಟ್ಟಿತು. ನೀರಿಲ್ಲದೆ ಕೇರಿಯ ಹೆಂಗಸರು ಕೊಡ ಹಿಡಿದುಕೊಂಡು ಬಂದದ್ದು ಅಧ್ಯಕ್ಷೆಯ ಮನೆ ಬಾಗಿಲಿಗೆ. ಗಂಡ ಆಗ ಪೇಟೆಯಲ್ಲಿ. ಆವತ್ತು ಬೈಗುಳ ತಿಂದ ಮೇಲೆ ಆಕೆ ಗಂಡನಿಗೆ ಹೇಳಿದ್ದು ಊರಿಗೆಲ್ಲ ಗೊತ್ತು: “ಬೈಸ್ಕೊಳ್ಳೋಕೆ ನಾನು, ಸಹಿ ಹಾಕೋಕೆ ನೀವಾ?” ಡಾಂಗಲ್ ವಾಪಸ್ ಬಂತು. ಮೊದಮೊದಲು ಪ್ರತಿ ಬಿಲ್ಲಿಗೂ ಇದು ಯಾತಕ್ಕೆ, ಎಲ್ಲಿ ಕೆಲಸ ಆಗಿದೆ ಅಂತ ಕೇಳಿ ಪಿಡಿಒಗೆ ಸಾಕು ಸಾಕು ಮಾಡಿದರು. ಮುಂದಿನ ಕ್ರಿಯಾಯೋಜನೆಯಲ್ಲಿ ಸಿಸಿ ರಸ್ತೆಗಿಂತ ಮೇಲೆ ನೀರಿನ ಪೈಪ್‌ಲೈನು ಬಂತು. ಇದು ನಮ್ಮೂರಿನ ವಿಶೇಷವೂ ಅಲ್ಲ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯ್ತಿಗಳ ಬಗ್ಗೆ ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿದ್ದು, ಹೆಣ್ಣು ಮುಖ್ಯಸ್ಥೆ ಇದ್ದ ಕಡೆ ಕುಡಿಯುವ ನೀರಿಗೆ ಜಾಸ್ತಿ ಹಣ ಹೋಗಿತ್ತು.

ಇನ್ನೊಂದು ಮಾತು. ನಮ್ಮಲ್ಲಿ ಎರಡನೇ ಅರ್ಧಕ್ಕೆ ಬಂದ ಅಧ್ಯಕ್ಷರು ಗಂಡಸು. ಅವರ ತೀರ್ಮಾನಗಳೆಲ್ಲ ಆಗುತ್ತಿದ್ದದ್ದು ಒಬ್ಬ ಕಂಟ್ರಾಕ್ಟರ್ ಮನೆಯ ಜಗಲಿಯಲ್ಲಿ. ಅವರನ್ನು ಒಬ್ಬರೂ ‘ಡಮ್ಮಿ’ ಅನ್ನಲಿಲ್ಲ.

ಈಗ ವಿಧಾನಸಭೆಗೆ ಬರೋಣ. ಕೆ.ಎಸ್. ನಾಗರತ್ನಮ್ಮ ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದವರು, 1972ರಲ್ಲಿ ಸ್ಪೀಕರ್ ಆದವರು. ಅಂಥವರು ಇದ್ದ ರಾಜ್ಯ ಇದು. 1962ರ ಚುನಾವಣೆಯಲ್ಲಿ 208 ಸೀಟಿಗೆ 18 ಹೆಂಗಸರು ಗೆದ್ದಿದ್ದರು. 2023ರಲ್ಲಿ 224ಕ್ಕೆ ಬರೀ 10. ಅರವತ್ತು ವರ್ಷದಲ್ಲಿ ಇಳಿದಿದೆ ನೋಡಿ! ಅದೇ ಕಾಲದಲ್ಲಿ ಪಂಚಾಯ್ತಿಯಲ್ಲಿ ಏನಾಯಿತು? ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ತಂದ 1983ರ ಕಾಯ್ದೆ ಶೇ. 25 ಸೀಟು ಕೊಟ್ಟಿತು, 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಬಂದ ಮೇಲೆ 1993ರಲ್ಲಿ ಮೂರರಲ್ಲಿ ಒಂದು ಭಾಗ, 2010ರ ತಿದ್ದುಪಡಿಯಿಂದ ಅರ್ಧ. ಕಾನೂನು ಇದ್ದ ಕಡೆ ಹೆಂಗಸರು ಹೆಚ್ಚಾದರು, ಪಕ್ಷಗಳ ಒಳ್ಳೆಯತನಕ್ಕೆ ಬಿಟ್ಟ ಕಡೆ ಕಡಿಮೆಯಾದರು. ಗೃಹಲಕ್ಷ್ಮಿಯ 2000 ರೂಪಾಯಿ, ಫ್ರೀ ಬಸ್ಸು ಅಂತ ಭರವಸೆ ಕೊಡುವಾಗ ನಮ್ಮ ಓಟು ನೆನಪಾಗುತ್ತದೆ, ಟಿಕೆಟ್ ಪಟ್ಟಿ ಬರೆಯುವಾಗ ಮಾತ್ರ ‘ಗೆಲ್ಲೋ ಕುದುರೆ’ ಬೇಕು ಅಂತಾರೆ. ಎಲ್ಲ ಪಕ್ಷದವರೂ ಅಷ್ಟೇ.

ಪಂಚಾಯ್ತಿಯಲ್ಲಿ ಕೆಲಸ ಕಲಿತ ಹೆಂಗಸು ಮುಂದೆ ಎಲ್ಲಿಗೆ ಹೋಗಬೇಕು ಅನ್ನೋದೇ ನನಗೆ ದೊಡ್ಡ ಪ್ರಶ್ನೆ. ಸರದಿ ಪ್ರಕಾರ ವಾರ್ಡಿನ ಮೀಸಲಾತಿ ಬದಲಾಗುತ್ತದೆ. ಸಾಮಾನ್ಯಕ್ಕೆ ಬಂತು ಅಂದ್ರೆ ‘ಅಕ್ಕಾ, ಈ ಸಲ ನಮ್ಮ ಹುಡುಗನಿಗೆ ಬಿಟ್ಟುಕೊಡಿ’ ಅಂತ ಮನೆಗೇ ಬರುತ್ತಾರೆ, ಸಾಮಾನ್ಯ ಅಂದ್ರೆ ಗಂಡಸರಿಗೆ ಮೀಸಲು ಅನ್ನೋ ಹಾಗೆ. ಸರಿ, ತಾಲ್ಲೂಕು ಪಂಚಾಯ್ತಿಗೋ ಜಿಲ್ಲಾ ಪಂಚಾಯ್ತಿಗೋ ನಿಲ್ಲೋಣ ಅಂದ್ರೆ ಅವುಗಳಿಗೆ ಕೊನೆಯದಾಗಿ ಓಟು ಹಾಕಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆದರು. ಏಣಿಯ ನಡುವಿನ ಮೆಟ್ಟಿಲು ಕಿತ್ತು ಹಾಕಿ, ಹೆಂಗಸರು ಮೇಲೆ ಹತ್ತೋದೇ ಇಲ್ಲ ಅಂದ್ರೆ ಹೇಗೆ?

ಲೋಕಸಭೆ, ವಿಧಾನಸಭೆಗಳಲ್ಲಿ ಮೂರರಲ್ಲಿ ಒಂದು ಭಾಗ ಸೀಟು ಹೆಂಗಸರಿಗೆ ಕೊಡುವ ಸಂಸತ್ತಿನ ಮಸೂದೆಯ ಕಥೆಯೂ ಇಂಥದ್ದೇ. ಅದನ್ನು ಮೊದಲು ಮಂಡಿಸಿದ್ದು 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ. 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ 454 ಪರ, 2 ವಿರೋಧ ಬಿದ್ದು ಪಾಸಾಯಿತು. ಆದರೆ ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆಯೇ ಜಾರಿ ಅಂತ ಅದರಲ್ಲೇ ಬರೆದಿಟ್ಟರು. ಬಂದರೆ 224ರಲ್ಲಿ ಸುಮಾರು 75 ಸೀಟು. ಮೊದಲ ಸಲ ಅದರಲ್ಲಿ ಜಾಸ್ತಿ ಜನ ರಾಜಕಾರಣಿಗಳ ಹೆಂಡತಿ, ಮಗಳು, ಸೊಸೆಯಂದಿರೇ ಇರುತ್ತಾರೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಈಗ ಅಲ್ಲಿ ಕೂತಿರುವ ಗಂಡಸರಲ್ಲಿ ಎಷ್ಟು ಜನ ಯಾರ ಮಗ, ಯಾರ ಅಳಿಯ ಅಂತ ಒಂದು ಸಲ ಎಣಿಸಿ ನೋಡಿ, ಆಮೇಲೆ ಮಾತಾಡೋಣ.

ನೀನು ಮತ್ತೆ ನಿಲ್ತೀಯಾ ಅಂತ ಕೇಳುವವರಿಗೆ: ಜಿಲ್ಲಾ ಪಂಚಾಯ್ತಿಗೆ ನಿಲ್ಲೋ ಆಸೆ ಇದೆ. ನಮ್ಮ ಕ್ಷೇತ್ರ ಮಹಿಳೆಗೆ ಬರಲಿ, ಸಾಮಾನ್ಯಕ್ಕೇ ಬರಲಿ, ಅರ್ಜಿ ಹಾಕುತ್ತೇನೆ.