ಜಪಾನ್‌ನಲ್ಲಿ ಬಹುಮತ ಕಳೆದುಕೊಂಡ ಮೇಲೂ ಇಶಿಬಾ ಪ್ರಧಾನಿಯಾಗಿ ಉಳಿದಿದ್ದು ಹೇಗೆ?

2024ರ ಅಕ್ಟೋಬರ್ 27ರ ಕೆಳಮನೆ ಚುನಾವಣೆಯಲ್ಲಿ ಸೋತವರೇ ಮತ್ತೆ ಪ್ರಧಾನಿ ಆಗಿದ್ದು ಹೇಗೆ, ಜನ ಗೆಲ್ಲಿಸಿದ್ದಾದರೂ ಯಾರನ್ನು ಅಂತ ಕೇಳಿದ್ದೀರಿ. ಆಗ ನಾನು ಟೋಕಿಯೊ ಪಕ್ಕದ ಕವಾಸಾಕಿಯಲ್ಲಿದ್ದೆ. ನನಗೆ ಅಲ್ಲಿ ವೋಟಿಲ್ಲ, ಆದರೆ ರಾತ್ರಿ ಎಂಟಕ್ಕೆ ಟಿವಿ ಮುಂದೆ ಕೂತವನು ಎದ್ದಿದ್ದು ಎರಡು ಗಂಟೆಗೆ.

ಒಟ್ಟು 465 ಸೀಟು, ಬಹುಮತಕ್ಕೆ 233 ಬೇಕು. ಇಶಿಬಾ ಅವರ ಆಡಳಿತ ಪಕ್ಷ ಎಲ್‌ಡಿಪಿ 247ರಿಂದ 191ಕ್ಕೆ ಇಳಿಯಿತು. ಆಗಿನ ಜೊತೆಗಾರ ಪಕ್ಷ ಕೊಮೆಯ್ಟೊಗೆ 24. ಎರಡೂ ಸೇರಿ 215. ಕೊಮೆಯ್ಟೊ ಅಧ್ಯಕ್ಷರೇ ತಮ್ಮ ಕ್ಷೇತ್ರದಲ್ಲಿ ಸೋತರು. ಆಗ ಮುಖ್ಯ ವಿರೋಧ ಪಕ್ಷವಾಗಿದ್ದ ನೋದಾ ಅವರ ಸಿಡಿಪಿ 98ರಿಂದ 148ಕ್ಕೆ ಏರಿತು.

ಸೀಟು ನೋಡಿದರೆ ಸಿಡಿಪಿ ಅಲೆ ಎದ್ದಿತ್ತು ಅನಿಸುತ್ತದೆ, ಅಲ್ವಾ? ಅಲ್ಲಿ ಒಬ್ಬರಿಗೆ ಎರಡು ವೋಟು, ಅಭ್ಯರ್ಥಿಗೊಂದು, ಪಕ್ಷಕ್ಕೊಂದು. ಪಕ್ಷಕ್ಕೆ ಹಾಕುವ ವೋಟಿನ ಲೆಕ್ಕ ಬೇರೆಯೇ ಇದೆ. 2021ರಲ್ಲೂ ಸಿಡಿಪಿಗೆ ಸುಮಾರು 1 ಕೋಟಿ 15 ಲಕ್ಷ ಬಿದ್ದಿತ್ತು, ಈ ಸಲವೂ ಹೆಚ್ಚುಕಮ್ಮಿ ಅಷ್ಟೇ. ಎಲ್‌ಡಿಪಿ ಮಾತ್ರ 1 ಕೋಟಿ 99 ಲಕ್ಷದಿಂದ 1 ಕೋಟಿ 46 ಲಕ್ಷಕ್ಕೆ ಕುಸಿಯಿತು. ಜನ ವಿರೋಧ ಪಕ್ಷವನ್ನು ಅಪ್ಪಿಕೊಳ್ಳಲಿಲ್ಲ, ಎಲ್‌ಡಿಪಿಯ ಕೈ ಬಿಟ್ಟರು. ನನ್ನ ಪ್ರಕಾರ ಇಡೀ ಫಲಿತಾಂಶ ಇರುವುದು ಇಲ್ಲೇ.

ಕಾರಣ ದುಡ್ಡು. ಪಕ್ಷದ ಬಣಗಳು ನಿಧಿ ಸಂಗ್ರಹದ ಕೂಟಗಳಿಗೆ ಟಿಕೆಟ್ ಮಾರುತ್ತಿದ್ದವು. ಗುರಿಗಿಂತ ಜಾಸ್ತಿ ಮಾರಿದ ಸಂಸದರಿಗೆ ಹೆಚ್ಚುವರಿ ಹಣ ವಾಪಸ್ ಹೋಗುತ್ತಿತ್ತು, ಲೆಕ್ಕಪುಸ್ತಕದಲ್ಲಿ ಸುಳಿವಿಲ್ಲ. ಕೆಲವರಿಗೆ ಪಕ್ಷ ಈ ಸಲ ಚುನಾವಣಾ ಟಿಕೆಟ್ ಕೊಡಲಿಲ್ಲ, ಸರಿ. ಆದರೆ ಅವರ ಕ್ಷೇತ್ರದ ಪಕ್ಷ ಶಾಖೆಗಳಿಗೂ ಪಕ್ಷದಿಂದ ತಲಾ 2 ಕೋಟಿ ಯೆನ್ ಹೋಗಿದೆ ಅಂತ ಮತದಾನಕ್ಕೆ ನಾಲ್ಕು ದಿನ ಇರುವಾಗ ಸುದ್ದಿ ಬಂತು. ಪಕ್ಕದ ಮನೆಯ ಅಜ್ಜಿ ಅದನ್ನು ಓದಿ ಪೇಪರ್ ಮಡಿಸಿ ಪಕ್ಕಕ್ಕಿಟ್ಟರು, ಒಂದು ಮಾತಾಡಲಿಲ್ಲ.

ವೋಟು ಹೇಗೆ ಹಾಕುತ್ತಾರೆ ಅಂತ ಹೇಳಿಕೊಟ್ಟಿದ್ದೂ ಅವರೇ. ಬಟನ್ ಇಲ್ಲ, ಪಕ್ಷದ ಚಿಹ್ನೆ ಇಲ್ಲ. ಪೆನ್ಸಿಲ್ ಹಿಡಿದು ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು. ಕಾಗದ ಮಾಮೂಲಿ ಕಾಗದ ಅಲ್ಲ, ಮಡಿಸಿ ಪೆಟ್ಟಿಗೆಗೆ ಹಾಕಿದರೆ ಒಳಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಣಿಸುವವರಿಗೆ ಅಷ್ಟು ಕೆಲಸ ಕಮ್ಮಿ.

ಪ್ರಧಾನಿಯನ್ನು ಆರಿಸುವಾಗ ಸಂಸದರೂ ಹೀಗೇ ಹೆಸರು ಬರೆಯುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲಿ. ನವೆಂಬರ್ 11ರಂದು ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರಲಿಲ್ಲ. 30 ವರ್ಷಗಳ ನಂತರ ಎರಡನೇ ಸುತ್ತು ನಡೆಯಿತು. ಅದರಲ್ಲಿ ಬಹುಮತ ಬೇಕಿಲ್ಲ, ಇಬ್ಬರಲ್ಲಿ ಯಾರಿಗೆ ಜಾಸ್ತಿಯೋ ಅವರು ಪ್ರಧಾನಿ. ಇಶಿಬಾಗೆ 221, ನೋದಾಗೆ 160. ಉಳಿದ 84 ಮತ ಅಸಿಂಧು! ಕಣದಲ್ಲಿ ಇಬ್ಬರೇ ಇದ್ದರೂ ಇಶಿನ್ ಮತ್ತು ಡಿಪಿಪಿ ಎಂಬ ಸಣ್ಣ ವಿರೋಧ ಪಕ್ಷಗಳ ಸಂಸದರು ತಮ್ಮ ತಮ್ಮ ನಾಯಕರ ಹೆಸರನ್ನೇ ಬರೆದಿದ್ದರು. ಆ 84 ಮಂದಿಯೂ ನೋದಾ ಹೆಸರು ಬರೆದಿದ್ದರೆ ನೋದಾ ಗೆದ್ದಿರುತ್ತಿದ್ದರು. ನನಗೆ ಇದು ಇವತ್ತಿಗೂ ಬೇಸರದ ಸಂಗತಿ.

ನಿಜವಾಗಿ ಬೆಳೆದ ಪಕ್ಷ ಅಂದರೆ ತಮಾಕಿ ಅವರ ಡಿಪಿಪಿ. 7 ಸೀಟು 28 ಆಯಿತು. ಕೈಗೆ ಸಿಗುವ ಸಂಬಳ ಹೆಚ್ಚಿಸುತ್ತೇವೆ ಅಂದಿದ್ದರು, ಆಗ ಆದಾಯ ತೆರಿಗೆ ಶುರುವಾಗುತ್ತಿದ್ದ 10 ಲಕ್ಷ 30 ಸಾವಿರ ಯೆನ್ ಮಿತಿ ಏರಿಸಿ ಅಂತ ಹಟ ಹಿಡಿದಿದ್ದರು. ಪಾರ್ಟ್ ಟೈಮ್ ದುಡಿಯುವವರಿಗೆ ಅದು ನೇರವಾಗಿ ತಟ್ಟುವ ವಿಷಯ. ವೋಟು ಎಷ್ಟು ಬಂತೆಂದರೆ ಪಕ್ಷದ ವೋಟಿಗೆ ಸಿಗುವ ಸೀಟುಗಳಿಗೆ ಪಟ್ಟಿಯಲ್ಲಿ ಅಭ್ಯರ್ಥಿಗಳೇ ಸಾಲದೆ 3 ಸೀಟು ಬೇರೆ ಪಕ್ಷಗಳ ಪಾಲಾದವು.

ಇಶಿಬಾ ಕುರ್ಚಿ ಉಳಿಯಿತು, ಆದರೆ ಬಜೆಟ್ ಪಾಸಾಗಲೂ ಬೇರೆಯವರ ಬಾಗಿಲು ತಟ್ಟಬೇಕಾಯಿತು. 2025ರ ಜುಲೈನಲ್ಲಿ ಮೇಲ್ಮನೆ ಚುನಾವಣೆ ಬಂತು. ಅಲ್ಲಿ ಬಹುಮತ ಉಳಿಯಲು ಮೈತ್ರಿಗೆ 50 ಸೀಟು ಬೇಕಿತ್ತು, ಬಂದಿದ್ದು 47. ಸೆಪ್ಟೆಂಬರ್ 7ಕ್ಕೆ ಅವರು ರಾಜೀನಾಮೆ ಘೋಷಿಸಿದರು.